ಪಾಸ್ ಕೊಟ್ಟ ಮೇಲೆ ಗಾರ್ಡ್ ಏನು ಮಾಡುತ್ತಾನೆ?

ಪ್ರಶ್ನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡವು ಬುಟ್ಟಿಯ ಬಳಿ ಆಡುವ ಸೆಂಟರ್ ವಿಕ್ಟರ್ ವೆಂಬನ್ಯಾಮ ಅವರ ಜೊತೆಗೆ ಚೆಂಡನ್ನು ಮುಂದಕ್ಕೆ ತರುವ ಗಾರ್ಡ್ ಡಿಆರನ್ ಫಾಕ್ಸ್ ಅವರನ್ನು ಕರೆತಂದ ದಿನದಿಂದ ನನಗೂ ನನ್ನ ಗೆಳೆಯನಿಗೂ ವಾದ ನಿಂತಿಲ್ಲ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ, ಶಾಕ್ ಮತ್ತು ಕೋಬಿ ಅವರ ಕಥೆಯೇ ಅದಕ್ಕೆ ಸಾಕ್ಷಿ ಎಂದು ಅವನು ಹೇಳುತ್ತಾನೆ. ಯೋಕಿಚ್ ಮತ್ತು ಮರ್ರೆ ಪ್ರಶಸ್ತಿ ಗೆದ್ದಿಲ್ಲವೇ ಎಂದು ನಾನು ಕೇಳುತ್ತೇನೆ. ಇಡೀ ಆಟವನ್ನೇ ತನ್ನ ಸುತ್ತ ತಿರುಗಿಸಿಕೊಳ್ಳುವ ಸೆಂಟರ್ ಇರುವ ತಂಡಕ್ಕೆ ತಾರಾ ಗಾರ್ಡ್ ಹೊಂದುತ್ತಾನೆಯೇ ಎಂದು ಮೊದಲೇ ಹೇಳಲು ಸಾಧ್ಯವೇ? ಅಂಥ ಗಾರ್ಡ್‌ಗೆ ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ಗಳಿಸುವ ಮೂರಂಕದ ಎಸೆತ ಕಡ್ಡಾಯವೇ? ಕೊನೆಯ ಎಸೆತ ಯಾರದಾಗಬೇಕು?

ಉತ್ತರ: ನಿಮ್ಮ ಗೆಳೆಯರ ಗಾದೆಯಲ್ಲಿ ದೋಷವಿಲ್ಲ, ಅವರು ಕರೆತಂದ ಸಾಕ್ಷಿ ಮಾತ್ರ ನಿಮ್ಮ ಪಕ್ಷದ್ದು. ಶಾಕ್ ಎಂದೇ ಹೆಸರಾದ ಸೆಂಟರ್ ಶಕೀಲ್ ಓನೀಲ್ ಮತ್ತು ಗಾರ್ಡ್ ಕೋಬಿ ಬ್ರಯಂಟ್ ಲಾಸ್ ಏಂಜಲೀಸ್ ಲೇಕರ್ಸ್‌ಗೆ 2000, 2001 ಮತ್ತು 2002ರಲ್ಲಿ ಸತತ ಮೂರು ಪ್ರಶಸ್ತಿ ತಂದುಕೊಟ್ಟವರು. 2000–01ರ ಋತುವಿನಲ್ಲಿ ಇಬ್ಬರ ನಡುವೆ ಮಾತು ಹಳಸಿತ್ತು. ಒಬ್ಬರಿಗೊಬ್ಬರು ಪತ್ರಕರ್ತರ ಮೂಲಕ ಉತ್ತರ ಕೊಡುವ ಮಟ್ಟಕ್ಕೆ ಹೋಗಿತ್ತು. ಅದೇ ಋತುವಿನಲ್ಲಿ ಓನೀಲ್ ಪಂದ್ಯಕ್ಕೆ ಸರಾಸರಿ 28.7 ಅಂಕ ಗಳಿಸಿದರು, ಕೋಬಿ 28.5. ಪ್ಲೇಆಫ್‌ನಲ್ಲಿ, ಅಂದರೆ ಋತು ಮುಗಿದ ಮೇಲಿನ ಪ್ರಶಸ್ತಿ ಸುತ್ತುಗಳಲ್ಲಿ, ತಂಡ ಆಡಿದ 16 ಪಂದ್ಯಗಳಲ್ಲಿ ಸೋತದ್ದು ಒಂದನ್ನು ಮಾತ್ರ. ಆ ಒಂದು ಸೋಲೂ ಬಂದದ್ದು ಇನ್ನೊಂದು ಗಾರ್ಡ್–ಸೆಂಟರ್ ಜೋಡಿಯ ಕೈಯಲ್ಲಿ: ಫಿಲಡೆಲ್ಫಿಯಾದ ಆಲನ್ ಐವರ್ಸನ್ ಮತ್ತು ಡಿಕೆಂಬೆ ಮುಟೊಂಬೊ. ಶಾಕ್ ಮತ್ತು ಕೋಬಿ ಜಗಳವಾಡಿದ್ದು ಸುಳ್ಳಲ್ಲ. ಆದರೆ ಅದು ಮನೆಯ ಯಜಮಾನ ಯಾರು ಎಂಬ ಜಗಳ. ಕೋರ್ಟ್‌ನ ಒಳಗೆ ಅವರಿಬ್ಬರ ಆಟ ಒಂದರೊಳಗೊಂದು ಸಲೀಸಾಗಿ ಕೂಡಿಕೊಳ್ಳುತ್ತಿತ್ತು.

ಹಾಗಾಗಿ ನೇರ ಉತ್ತರ: ಹೊಂದುತ್ತಾನೆ. ಮೊದಲೇ ಹೇಳಲೂ ಬಹಳ ಮಟ್ಟಿಗೆ ಸಾಧ್ಯ. ಆದರೆ ಅದಕ್ಕಾಗಿ ಇಬ್ಬರ ಸರಾಸರಿ ಅಂಕಗಳನ್ನು ಕೂಡಿಸಿ ಕಳೆಯುವುದರಿಂದ ಪ್ರಯೋಜನವಿಲ್ಲ. ಚೆಂಡನ್ನು ಸೆಂಟರ್ ಕೈಗೆ ಒಪ್ಪಿಸಿದ ಮೇಲಿನ ಮೂರು ನಾಲ್ಕು ಸೆಕೆಂಡುಗಳಲ್ಲಿ ಗಾರ್ಡ್ ಏನು ಮಾಡುತ್ತಾನೆ ಎಂಬುದನ್ನು ನೋಡಬೇಕು. ನನ್ನ ಮಟ್ಟಿಗೆ ಇಡೀ ಪ್ರಶ್ನೆ ಅಲ್ಲೇ ಇದೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕಾಲೇಜು ತಂಡದಲ್ಲಿ ನಾನು ಗಾರ್ಡ್. ನಮ್ಮ ಸೆಂಟರ್ ಉಳಿದವರೆಲ್ಲರಿಗಿಂತ ಒಂದು ಗೇಣು ಎತ್ತರ. ಕೋಚ್ ಹೇಳಿಕೊಟ್ಟಂತೆ ಪ್ರತಿ ಸಲ ಚೆಂಡನ್ನು ಅವನಿಗೆ ತಲುಪಿಸುತ್ತಿದ್ದೆ, ತಲುಪಿಸಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಲ್ಲುತ್ತಿದ್ದೆ. ಅಂಚೆಯವನು ಕಾಗದ ಕೊಟ್ಟ ಮೇಲೆ ಅವನ ಕೆಲಸ ಮುಗಿಯಿತಲ್ಲ, ಹಾಗೆ. ಒಂದು ಪಂದ್ಯ ಸೋತ ಸಂಜೆ ಬೂಟಿನ ದಾರ ಬಿಚ್ಚುತ್ತ, ತಲೆಯೆತ್ತದೆಯೇ ಅವನು ಹೇಳಿದ: ‘ನೀನು ಪಾಸ್ ಕೊಟ್ಟ ತಕ್ಷಣ ನನ್ನ ಹೆಗಲ ಮೇಲೆ ಇಬ್ಬರು ಬಂದು ಕೂರುತ್ತಾರೆ. ಒಬ್ಬ ನನ್ನವನು. ಇನ್ನೊಬ್ಬ ನಿನ್ನವನು. ನಿನ್ನವನನ್ನು ನೀನೇ ಕರೆದುಕೊಂಡು ಹೋಗಬಾರದೇ?’

ಬಲಿಷ್ಠ ಸೆಂಟರ್‌ನ ನಿಜವಾದ ಬೆಲೆ ಅವನು ಗಳಿಸುವ ಅಂಕಗಳಿಗಿಂತ ಹೆಚ್ಚಾಗಿ ಈ ಎರಡನೆಯ ರಕ್ಷಕನಲ್ಲಿದೆ. ಅವನನ್ನು ಒಬ್ಬನೇ ತಡೆಯಲಾಗದು ಎಂದು ಎದುರಾಳಿ ಒಪ್ಪಿಕೊಂಡು ಇನ್ನೊಬ್ಬನನ್ನು ಕಳುಹಿಸಿದ ಕ್ಷಣ ಉಳಿದ ನಾಲ್ವರನ್ನು ಮೂವರು ಕಾಯಬೇಕಾಗುತ್ತದೆ. ಆ ಎರಡನೆಯವನು ಸಾಮಾನ್ಯವಾಗಿ ಬರುವುದು ಪಾಸ್ ಕೊಟ್ಟ ಗಾರ್ಡ್‌ನ ಬಳಿಯಿಂದಲೇ, ಏಕೆಂದರೆ ಅವನೇ ಹತ್ತಿರದವನು. ಗಾರ್ಡ್ ನಿಂತಲ್ಲೇ ನಿಂತರೆ ಒಬ್ಬನೇ ರಕ್ಷಕ ಎರಡು ಕೆಲಸ ಮಾಡುತ್ತಾನೆ: ಒಂದು ಕೈ ಸೆಂಟರ್ ಕಡೆಗೆ, ಒಂದು ಕಣ್ಣು ಗಾರ್ಡ್ ಕಡೆಗೆ. ಗಾರ್ಡ್ ಅಲ್ಲಿಂದ ಜಾಗ ಬದಲಿಸಿದರೆ, ಬುಟ್ಟಿಯ ಕಡೆಗೆ ನುಗ್ಗಿದರೆ, ಇನ್ನೊಬ್ಬ ಆಟಗಾರನಿಗೆ ಸ್ಕ್ರೀನ್ ಹಾಕಿದರೆ (ಎದುರಾಳಿಯ ದಾರಿಗೆ ಅಡ್ಡ ನಿಂತರೆ), ಆ ರಕ್ಷಕ ಒಂದನ್ನು ಬಿಡಲೇಬೇಕು.

ಹಳೆಯ ಕಾಲದಲ್ಲಿ ಈ ತಪ್ಪಿಗೆ ಇಷ್ಟು ದಂಡ ಬೀಳುತ್ತಿರಲಿಲ್ಲ. ಎನ್‌ಬಿಎಯಲ್ಲಿ 2001–02ರ ಋತುವಿಗೆ ಮೊದಲು ವಲಯ ರಕ್ಷಣೆಗೆ ಅವಕಾಶವಿರಲಿಲ್ಲ. ರಕ್ಷಕ ತನ್ನ ಆಟಗಾರನನ್ನು ಬಿಟ್ಟು ಸೆಂಟರ್ ಸುತ್ತ ಸುಮ್ಮನೆ ಸುಳಿದಾಡುವಂತಿರಲಿಲ್ಲ. ಹೋದರೆ ಪೂರ್ತಿ ಹೋಗಬೇಕು, ಇಲ್ಲವೇ ತನ್ನವನ ಬಳಿಯೇ ಇರಬೇಕು. ಆ ನಿಯಮ ಹೋಯಿತು. ಅದರ ಜಾಗದಲ್ಲಿ, ಯಾರನ್ನೂ ಕಾಯದ ರಕ್ಷಕ ಬುಟ್ಟಿಯ ಮುಂದಿನ 16 ಅಡಿ ಅಗಲದ ಬಣ್ಣದ ಪಟ್ಟಿಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಎಂಬ ನಿಯಮ ಬಂತು. ಅಂದಿನಿಂದ ಚೆಂಡು ಸೆಂಟರ್ ಕೈಗೆ ಬರುವ ಮೊದಲೇ ಅವನ ಮುಂದೊಬ್ಬ, ಹಿಂದೊಬ್ಬ ನಿಲ್ಲುವುದು ಸುಲಭವಾಯಿತು. ಪಾಸ್ ಕೊಟ್ಟು ಕೈತೊಳೆದುಕೊಳ್ಳುವ ಗಾರ್ಡ್ ಅಂದು ತಂಡಕ್ಕೆ ಸಣ್ಣ ನಷ್ಟ, ಇಂದು ದೊಡ್ಡ ನಷ್ಟ.

ಶಾಕ್ ಮತ್ತು ಕೋಬಿ ಅವರಿಗೆ ಹಿಂದಿರುಗೋಣ. ಕೋಚ್ ಫಿಲ್ ಜಾಕ್ಸನ್ ಅವರ ಲೇಕರ್ಸ್ ಆಡುತ್ತಿದ್ದದ್ದು ತ್ರಿಕೋನದ ಆಟ. ಅದನ್ನು ತಿದ್ದಿ ತೀಡಿ ರೂಪಿಸಿದವರು ಸಹಾಯಕ ಕೋಚ್ ಟೆಕ್ಸ್ ವಿಂಟರ್. ಅದರ ಮೊದಲ ಪಾಠವೇ ಪೋಸ್ಟ್‌ಗೆ, ಅಂದರೆ ಬುಟ್ಟಿಯ ಹತ್ತಿರ ನಿಂತವನಿಗೆ, ಚೆಂಡು ಕೊಟ್ಟವನು ನಿಲ್ಲಬಾರದು ಎಂಬುದು. ಕೊಟ್ಟವನು ಸೆಂಟರ್‌ನ ಪಕ್ಕದಿಂದ ಹಾಯ್ದು ಹೋಗಬೇಕು, ಎದುರು ಬದಿಯಲ್ಲಿ ಇನ್ನಿಬ್ಬರು ಅದೇ ಹೊತ್ತಿಗೆ ಜಾಗ ಬದಲಿಸಿಕೊಳ್ಳಬೇಕು. ಕೋಬಿ ಅವರಿಗೆ ಈ ಶಿಸ್ತು ಹಿಡಿಸಿತ್ತು ಎಂದು ಯಾರೂ ಹೇಳಲಾರರು. ಆದರೂ ಆಟದ ವ್ಯವಸ್ಥೆಯೇ ಅವರನ್ನು ಓಡಿಸುತ್ತಿತ್ತು. ಓಡಿದಾಗಲೆಲ್ಲ ಎದುರಾಳಿಯ ಎರಡನೆಯ ರಕ್ಷಕ ಗೊಂದಲಕ್ಕೆ ಬೀಳುತ್ತಿದ್ದ.

ಈ ಜೋಡಿಯ ಬಿರುಕು ನಿಜವಾಗಿ ಅಂಗಳದಲ್ಲಿ ಕಂಡದ್ದು 2004ರ ಫೈನಲ್‌ನಲ್ಲಿ. ಡೆಟ್ರಾಯಿಟ್ ಪಿಸ್ಟನ್ಸ್ ಹೂಡಿದ ಉಪಾಯ ಸರಳ, ಆದರೆ ಅದಕ್ಕೆ ಗಟ್ಟಿ ಗುಂಡಿಗೆ ಬೇಕು. ಓನೀಲ್ ಅವರ ಮೇಲೆ ಎರಡನೆಯ ರಕ್ಷಕನನ್ನು ಅವರು ಕಳುಹಿಸಲೇ ಇಲ್ಲ ಎನ್ನಬಹುದು. ಬೆನ್ ವಾಲೇಸ್ ಮೊದಲಾದವರು ಒಬ್ಬೊಬ್ಬರೇ ಅವರ ಭಾರ ಹೊತ್ತರು, ಅವರು ಗಳಿಸುವಷ್ಟು ಗಳಿಸಲಿ ಎಂದು ಬಿಟ್ಟರು, ಉಳಿದ ನಾಲ್ವರನ್ನು ನೆರಳಿನಂತೆ ಹಿಡಿದರು. ಇಲ್ಲಿ ಗಾರ್ಡ್ ಮಾಡಬೇಕಾದದ್ದು ಒಂದೇ: ಬೇಸರವಾಗುವಷ್ಟು ಸಲ ಚೆಂಡನ್ನು ಒಳಕ್ಕೆ ಕೊಡುವುದು. ಆ ಐದು ಪಂದ್ಯಗಳಲ್ಲಿ ಓನೀಲ್ 84 ಎಸೆತಗಳಲ್ಲಿ 53 ಬುಟ್ಟಿಗೆ ಹಾಕಿದರು. ಕೋಬಿ ಎಸೆದದ್ದು 113, ಬಿದ್ದದ್ದು 43. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಲೇಕರ್ಸ್ 4–1ರಲ್ಲಿ ಸೋತಿತು, ಕೆಲವೇ ವಾರಗಳಲ್ಲಿ ಓನೀಲ್ ಮಯಾಮಿಗೆ ಹೊರಟರು. ತಂಡದಲ್ಲಿ ಕಾರ್ಲ್ ಮಲೋನ್ ಅವರ ಮೊಣಕಾಲು ಗಾಯದಂಥ ಬೇರೆ ತೊಂದರೆಗಳೂ ಇದ್ದವು; ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ನೀವು ಮುಂದೆ ಯಾವುದೇ ಜೋಡಿಯನ್ನು ಅಳೆಯುವಾಗ ಈ ಪ್ರಶ್ನೆ ಕೇಳಿ: ಎದುರಾಳಿ ಎರಡನೆಯವನನ್ನು ಕಳುಹಿಸದಿದ್ದರೆ ಈ ಗಾರ್ಡ್‌ಗೆ ಸಹನೆ ಇದೆಯೇ?

ಇನ್ನು ನಿಮ್ಮ ಸಾಕ್ಷಿ. ಸೆಂಟರ್ ನಿಕೋಲಾ ಯೋಕಿಚ್ ಮತ್ತು ಗಾರ್ಡ್ ಜಮಾಲ್ ಮರ್ರೆ 2023ರಲ್ಲಿ ಡೆನ್ವರ್ ನಗೆಟ್ಸ್‌ಗೆ ಅದರ ಮೊದಲ ಎನ್‌ಬಿಎ ಪ್ರಶಸ್ತಿ ತಂದರು. ಆ ಹೊತ್ತಿಗೆ ಮರ್ರೆ ಒಮ್ಮೆಯೂ ಲೀಗ್‌ನ ತಾರೆಯರ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿರಲಿಲ್ಲ ಎಂಬುದನ್ನು ನಿಮ್ಮ ಗೆಳೆಯರಿಗೆ ಹೇಳಬೇಡಿ, ‘ಹಾಗಾದರೆ ಅವರು ತಾರಾ ಗಾರ್ಡ್ ಹೇಗಾದರು’ ಎಂದು ಹೊಸ ವಾದ ಶುರುವಾಗುತ್ತದೆ. ಅವರಿಬ್ಬರ ಒಂದು ಆಟವನ್ನು ಮಾತ್ರ ನಿಧಾನಗತಿಯಲ್ಲಿ ತೋರಿಸಿ.

ಮರ್ರೆ ಬದಿಯಿಂದ ಚೆಂಡು ತಂದು ಯೋಕಿಚ್‌ಗೆ ಕೊಡುತ್ತಾರೆ. ಯೋಕಿಚ್ ನಿಂತಿರುವುದು ಬುಟ್ಟಿಯಡಿ ಅಲ್ಲ, ಮೂರಂಕದ ಗೆರೆಯ ಹತ್ತಿರ, ಬುಟ್ಟಿಗೆ ಅರ್ಧ ಬೆನ್ನು ಮಾಡಿ. ಮರ್ರೆ ಮೂಲೆಯತ್ತ ಎರಡು ಹೆಜ್ಜೆ ನಡೆಯುತ್ತಾರೆ, ಆಟದಲ್ಲಿ ತನಗೆ ಪಾತ್ರವೇ ಇಲ್ಲ ಎಂಬಂತೆ. ಗಕ್ಕನೆ ತಿರುಗಿ, ಯೋಕಿಚ್ ಅವರ ಸೊಂಟಕ್ಕೆ ಭುಜ ತಗಲುವಷ್ಟು ಹತ್ತಿರದಿಂದ ಹಾಯುತ್ತಾರೆ. ಹಿಂದೆ ಬಂದ ರಕ್ಷಕ ಯೋಕಿಚ್ ಅವರ ಮೈಗೆ ಬಡಿದು ಅರ್ಧ ಹೆಜ್ಜೆ ತಡವಾಗುತ್ತಾನೆ. ಚೆಂಡು ಈಗಲೂ ಯೋಕಿಚ್ ಕೈಯಲ್ಲಿಯೇ ಇದೆ, ಕೊಡಬಹುದು, ಕೊಡದಿರಬಹುದು. ರಕ್ಷಕ ಡಿಕ್ಕಿ ತಪ್ಪಿಸಿಕೊಳ್ಳಲು ಯೋಕಿಚ್ ಹಿಂದಿನಿಂದ ಸುತ್ತಿ ಬಂದರೆ ಮರ್ರೆ ಚೆಂಡು ಪಡೆದು ಅಲ್ಲಿಂದಲೇ ಮೂರಂಕಕ್ಕೆ ಎಸೆಯುತ್ತಾರೆ. ಬೆನ್ನಿಗಂಟಿ ಬಂದರೆ ಒಳನುಗ್ಗುತ್ತಾರೆ. ಯೋಕಿಚ್ ಅವರ ರಕ್ಷಕ ಮರ್ರೆಯನ್ನು ತಡೆಯಲು ಮುಂದೆ ಬಂದರೆ ಚೆಂಡು ಮರಳಿ ಯೋಕಿಚ್ ಕೈಗೆ, ಎದುರಿಗೆ ಖಾಲಿ ಪಟ್ಟಿ. ರಕ್ಷಕ ಜಾಣತನ ಮಾಡಿ ಮೊದಲೇ ಮುಂದಕ್ಕೆ ಹಾರಿದರೆ ಮರ್ರೆ ಅವನ ಬೆನ್ನ ಹಿಂದಿನಿಂದ ಬುಟ್ಟಿಗೆ ಓಡುತ್ತಾರೆ, ಚೆಂಡು ನೆಲಕ್ಕೆ ಒಂದು ಪುಟಿದು ಅವರ ಅಂಗೈಗೆ ಬರುತ್ತದೆ. ಇಷ್ಟೂ ನಡೆಯುವುದು ಎರಡು ಮೂರು ಸೆಕೆಂಡಿನಲ್ಲಿ. ಇಬ್ಬರ ನಡುವೆ ಮಾತಿಲ್ಲ, ಸನ್ನೆಯಿಲ್ಲ.

2023ರ ಫೈನಲ್‌ನ ಮೂರನೆಯ ಪಂದ್ಯದಲ್ಲಿ ಇದೇ ಆಟದಿಂದ ಮಯಾಮಿ ಹೀಟ್ ತಂಡವನ್ನು ಅವರು ಅರೆದರು. ಯೋಕಿಚ್ 32 ಅಂಕ, 21 ರಿಬೌಂಡ್ (ಗುರಿ ತಪ್ಪಿದ ಎಸೆತ ಹಿಡಿದದ್ದು), 10 ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್). ಮರ್ರೆ 34 ಅಂಕ, 10 ರಿಬೌಂಡ್, 10 ಅಸಿಸ್ಟ್. ಒಂದೇ ತಂಡದ ಇಬ್ಬರು ಒಂದೇ ಪಂದ್ಯದಲ್ಲಿ 30ಕ್ಕೂ ಹೆಚ್ಚು ಅಂಕಗಳೊಡನೆ ಟ್ರಿಪಲ್ ಡಬಲ್ (ಮೂರು ಲೆಕ್ಕಗಳಲ್ಲಿ ಎರಡಂಕಿ) ಮಾಡಿದ್ದು ಎನ್‌ಬಿಎ ಇತಿಹಾಸದಲ್ಲಿ ಅದೇ ಮೊದಲು. ಚೆಂಡು ಒಂದೇ, ಇಬ್ಬರಿಗೆ ಎಲ್ಲಿ ಸಾಲುತ್ತದೆ ಎಂದು ಕೇಳುವವರು ಆ ಪಂದ್ಯ ನೋಡಬೇಕು.

ಇದರ ಪಕ್ಕದಲ್ಲಿ ಗಾರ್ಡ್ ಜೇಮ್ಸ್ ಹಾರ್ಡನ್ ಮತ್ತು ಸೆಂಟರ್ ಜೋಯೆಲ್ ಎಂಬೀಡ್ ಅವರನ್ನು ಇಟ್ಟು ನೋಡಿ. 2022ರ ಫೆಬ್ರುವರಿಯಲ್ಲಿ ಹಾರ್ಡನ್ ಫಿಲಡೆಲ್ಫಿಯಾಕ್ಕೆ ಬಂದರು. ಕಾಗದದ ಮೇಲೆ ಯಾವ ಕೊರತೆಯೂ ಇರಲಿಲ್ಲ. 2022–23ರಲ್ಲಿ ಎಂಬೀಡ್ 33.1 ಸರಾಸರಿಯಲ್ಲಿ ಲೀಗ್‌ನ ಅತ್ಯಧಿಕ ಅಂಕ ಗಳಿಸಿ ಅತ್ಯಮೂಲ್ಯ ಆಟಗಾರರಾದರು, ಹಾರ್ಡನ್ 10.7 ಸರಾಸರಿಯಲ್ಲಿ ಲೀಗ್‌ನ ಅತ್ಯಧಿಕ ಅಸಿಸ್ಟ್ ಕೊಟ್ಟರು. ಹೊಂದಾಣಿಕೆ ಎಂದರೆ ಇನ್ನೇನು ಬೇಕು ಎನ್ನಬಹುದು. ಪ್ಲೇಆಫ್‌ನ ಎರಡನೆಯ ಸುತ್ತಿನಲ್ಲಿ ಬಾಸ್ಟನ್ ಎದುರು 3–2ರ ಮುನ್ನಡೆಯೂ ಸಿಕ್ಕಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಏಳನೆಯ ಪಂದ್ಯವನ್ನು 88–112ರಲ್ಲಿ ಸೋತರು. ಎಂಬೀಡ್ 15 ಅಂಕ, ಹಾರ್ಡನ್ 9.

ನಾನು ಆ ಸರಣಿಯಲ್ಲಿ ಗಮನಿಸಿದ್ದು ಹೀಗೆ. ಇಬ್ಬರೂ ಸೇರಿ ಪಿಕ್ ಅಂಡ್ ರೋಲ್ ಆಡಿದಾಗ ಎಲ್ಲವೂ ಚೆನ್ನ. ಚೆಂಡು ಹಾರ್ಡನ್ ಕೈಯಲ್ಲಿ, ಎಂಬೀಡ್ ಸ್ಕ್ರೀನ್ ಹಾಕಿ ಫ್ರೀ ಥ್ರೋ (ಫೌಲ್ ಆದಾಗ ಸಿಗುವ ತಡೆಯಿಲ್ಲದ ಎಸೆತ) ಗೆರೆಯ ಬಳಿ ಹಿಂದೆ ಸರಿದು ಪಾಸ್ ಪಡೆಯುತ್ತಾರೆ, ಎಸೆಯುತ್ತಾರೆ. ಆದರೆ ಎಂಬೀಡ್ ಚೆಂಡು ಹಿಡಿದು ತಾವೇ ಆಡಲು ನಿಂತಾಗ ಹಾರ್ಡನ್ ಬಹಳ ಸಲ ಮೂರಂಕದ ಗೆರೆಯಾಚೆ ಪ್ರೇಕ್ಷಕರಾಗಿಬಿಡುತ್ತಿದ್ದರು. ಅವರಿಗೆ ಚೆಂಡನ್ನು ನಾಲ್ಕೈದು ಸಲ ನೆಲಕ್ಕೆ ಬಡಿದು, ಎದುರಾಳಿಯ ಲಯ ಕೆಡಿಸಿ, ಹಿಂದಕ್ಕೆ ಹಾರಿ ಎಸೆಯುವುದು ಪ್ರೀತಿ. ಬಂದ ಪಾಸ್ ಹಿಡಿದ ಕೂಡಲೇ ಎಸೆಯುವುದು, ಚೆಂಡಿಲ್ಲದೆ ಓಡುವುದು ಅವರ ಜಾಯಮಾನವಲ್ಲ. ಬಾಸ್ಟನ್ ಅದನ್ನು ಓದಿಕೊಂಡಿತು. ಎಂಬೀಡ್ ಮೊಣಕಾಲಿನ ಗಾಯದಿಂದ ಹೊರಗುಳಿದಿದ್ದ ಮೊದಲ ಪಂದ್ಯದಲ್ಲಿ ಹಾರ್ಡನ್ 45 ಅಂಕ ಗಳಿಸಿ ಗೆಲ್ಲಿಸಿದ್ದರು. ಸರದಿಯಲ್ಲಿ ಆಡುವ ಇಬ್ಬರು, ಜೊತೆಯಾಗಿ ಆಡುವ ಇಬ್ಬರು, ಈ ಎರಡೂ ಬೇರೆ ಬೇರೆ. ಸರದಿಯ ಆಟದಿಂದ ಋತುವಿನ 82 ಪಂದ್ಯಗಳಲ್ಲಿ ಬೇಕಾದಷ್ಟು ಗೆಲ್ಲಬಹುದು. ಒಂದೇ ತಂಡದೆದುರು ಏಳು ಸಲ ಆಡುವಾಗ ಎದುರಾಳಿಗೆ ಯಾರ ಸರದಿ ಎಂಬುದು ಮೊದಲೇ ತಿಳಿದುಬಿಡುತ್ತದೆ.

ಈವರೆಗೆ ಮಾತೆಲ್ಲ ಅಂಕ ಗಳಿಸುವುದರ ಬಗ್ಗೆಯೇ ಆಯಿತು. ಜೋಡಿಗಳು ಒಡೆಯುವುದು ಇನ್ನೊಂದು ತುದಿಯಲ್ಲಿ, ರಕ್ಷಣೆಯಲ್ಲಿ. ಅದು ಅಂಕಪಟ್ಟಿಯಲ್ಲಿ ಕಾಣದ ಕಾರಣ ಚರ್ಚೆಗೆ ಬರುವುದಿಲ್ಲ. ಯೂಟಾ ಜಾಝ್‌ನ ಗಾರ್ಡ್ ಡೊನೊವನ್ ಮಿಚೆಲ್ ಮತ್ತು ರೂಡಿ ಗೋಬೇರ್ ಇದಕ್ಕೆ ಒಳ್ಳೆಯ ಉದಾಹರಣೆ. ಗೋಬೇರ್ ತಾವೇ ಅಂಕ ಹುಡುಕುವ ಸೆಂಟರ್ ಅಲ್ಲ. ಸ್ಕ್ರೀನ್ ಹಾಕಿ ಬುಟ್ಟಿಗೆ ಓಡುವುದು, ರಿಂಗ್ ಕಾಯುವುದು ಅವರ ಕೆಲಸ. ಆದ್ದರಿಂದ ಮಿಚೆಲ್ ಅವರಿಗೆ ಚೆಂಡಿನ ಪೈಪೋಟಿ ಇರಲಿಲ್ಲ. 2020–21ರಲ್ಲಿ ತಂಡ 52 ಗೆಲುವು, 20 ಸೋಲುಗಳೊಡನೆ ಲೀಗ್‌ನಲ್ಲೇ ಮೊದಲನೆಯದಾಯಿತು. ಗೋಬೇರ್ ಮೂರನೆಯ ಬಾರಿ ವರ್ಷದ ಶ್ರೇಷ್ಠ ರಕ್ಷಕರಾದರು.

ಅದೇ ವರ್ಷ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಎದುರಿನ ಆರನೆಯ ಪಂದ್ಯದಲ್ಲಿ ಜಾಝ್ 25 ಅಂಕಗಳ ಮುನ್ನಡೆ ಪಡೆದು ಸೋತಿತು. ಕ್ಲಿಪ್ಪರ್ಸ್ ಐವರನ್ನೂ ಮೂರಂಕದ ಗೆರೆಯಾಚೆ ನಿಲ್ಲಿಸಿತ್ತು. ಗೋಬೇರ್ ಕಾಯಬೇಕಿದ್ದದ್ದು ಮೂಲೆಯಲ್ಲಿದ್ದ ಟೆರೆನ್ಸ್ ಮ್ಯಾನ್ ಅವರನ್ನು. ಮುಂದೆ ಜಾಝ್ ಗಾರ್ಡ್‌ಗಳು ಒಬ್ಬರಾದ ಮೇಲೊಬ್ಬರು ಎದುರಾಳಿಯನ್ನು ಒಳಗೆ ಬಿಟ್ಟುಕೊಂಡರು. ಪ್ರತಿ ಸಲವೂ ಗೋಬೇರ್ ಮೂಲೆ ಬಿಟ್ಟು ರಿಂಗ್ ಕಾಯಲು ಬಂದರು, ಪ್ರತಿ ಸಲವೂ ಚೆಂಡು ಮೂಲೆಗೆ ಹೋಯಿತು. ಮ್ಯಾನ್ ಏಳು ಮೂರಂಕದ ಬುಟ್ಟಿಗಳೊಡನೆ 39 ಅಂಕ ಗಳಿಸಿದರು. ಮರುದಿನ ಎಲ್ಲರೂ ಬೈದದ್ದು ಗೋಬೇರ್ ಅವರನ್ನು. ಬಾಗಿಲು ತೆರೆದಿಟ್ಟವರನ್ನು ಬಿಟ್ಟು ಕಾವಲುಗಾರನನ್ನು ಹೊಡೆದಂತಾಯಿತು. (ಮಿಚೆಲ್ ಆಗ ಕಾಲು ನೋವಿನಲ್ಲಿಯೇ ಆಡುತ್ತಿದ್ದರು, ಅದನ್ನೂ ಹೇಳಬೇಕು.) ಮರುವರ್ಷದ ಬೇಸಿಗೆಯಲ್ಲಿ ಗೋಬೇರ್ ಮಿನೆಸೋಟಕ್ಕೂ ಮಿಚೆಲ್ ಕ್ಲೀವ್‌ಲ್ಯಾಂಡ್‌ಗೂ ಹೋದರು. ಹಿಂದೆ ದೊಡ್ಡ ಸೆಂಟರ್ ಇದ್ದಾನೆ ಎಂಬ ಧೈರ್ಯದಲ್ಲಿ ಗಾರ್ಡ್ ಮುಂದಿನ ಬಾಗಿಲನ್ನು ಕಾಯುವುದನ್ನು ಬಿಟ್ಟರೆ, ಆ ಸೆಂಟರ್ ಎಷ್ಟೇ ದೊಡ್ಡವನಾಗಿರಲಿ, ಒಂದೇ ಹೊತ್ತಿಗೆ ಎರಡು ಕಡೆ ಇರಲಾರ.

ಮೂರಂಕದ ಎಸೆತ ಕಡ್ಡಾಯವೇ ಎಂದು ಕೇಳಿದ್ದೀರಿ. ಇದ್ದರೆ ಬಹಳ ಒಳ್ಳೆಯದು, ಕಡ್ಡಾಯವಲ್ಲ. ಲೆಕ್ಕ ಇಷ್ಟೇ: ನೂರಕ್ಕೆ 36 ಮೂರಂಕದ ಎಸೆತ ಬಿದ್ದರೆ 108 ಅಂಕ, ನೂರಕ್ಕೆ 54 ಎರಡಂಕದ ಎಸೆತ ಬಿದ್ದರೂ 108. ಗಾರ್ಡ್ ನೂರಕ್ಕೆ 36ರಂತೆ ಹಾಕುತ್ತಾನೆ ಎಂದರೆ ಅವನನ್ನು ಬಿಟ್ಟು ಸೆಂಟರ್ ಮೇಲೆ ಹೋಗುವುದು ಎದುರಾಳಿಗೆ ದುಬಾರಿ. ಆದರೆ ಎಸೆಯಲು ಬಾರದವನಿಗೂ ದಾರಿ ಇದೆ. 2006ರಲ್ಲಿ ಮಯಾಮಿಯ ಗಾರ್ಡ್ ಡ್ವೇನ್ ವೇಡ್ ಅವರ ಮೂರಂಕದ ಎಸೆತಕ್ಕೆ ಯಾರೂ ಹೆದರುತ್ತಿರಲಿಲ್ಲ. ಅವರು ಚೆಂಡಿಲ್ಲದಾಗ ಬುಟ್ಟಿಯತ್ತ ನುಗ್ಗುತ್ತಿದ್ದರು, ಚೆಂಡಿದ್ದಾಗಲೂ ಬುಟ್ಟಿಯತ್ತಲೇ ನುಗ್ಗುತ್ತಿದ್ದರು. ಡಲ್ಲಾಸ್ ಎದುರಿನ ಫೈನಲ್‌ನಲ್ಲಿ ಅವರ ಸರಾಸರಿ 34.7 ಅಂಕ. ಪಕ್ಕದಲ್ಲಿದ್ದ ಸೆಂಟರ್ ಅದೇ ಓನೀಲ್, ಸರಾಸರಿ 13.7. ಕೋಬಿ ಜೊತೆ ಒಪ್ಪದ ಪಾತ್ರವನ್ನು ಅವರು ವೇಡ್ ಜೊತೆ ಒಪ್ಪಿಕೊಂಡರು. ಆಗ ಅವರಿಗೆ 34 ವರ್ಷ, ಒಪ್ಪುವ ವಯಸ್ಸು.

ವಯಸ್ಸಿನ ಮಾತು ಬಂದದ್ದರಿಂದ ಎರಡು ಹಳೆಯ ಜೋಡಿಗಳನ್ನು ನೆನೆಯಬೇಕು. ಸೆಂಟರ್ ವಿಲ್ಟ್ ಚೇಂಬರ್ಲಿನ್ 1968ರಲ್ಲಿ ಲೇಕರ್ಸ್ ಸೇರಿದಾಗ ಅಲ್ಲಿ ಗಾರ್ಡ್ ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಇಬ್ಬರೂ ಇದ್ದರು. ಪ್ರಶಸ್ತಿ ಕಟ್ಟಿಟ್ಟದ್ದು ಎಂದೇ ಎಲ್ಲರೂ ಅಂದುಕೊಂಡರು. 1969ರ ಫೈನಲ್‌ನ ಏಳನೆಯ ಪಂದ್ಯವನ್ನು ಸ್ವಂತ ಅಂಗಳದಲ್ಲಿ ಎರಡು ಅಂಕಗಳಿಂದ ಸೋತರು. 1970ರಲ್ಲೂ ಏಳನೆಯ ಪಂದ್ಯದಲ್ಲೇ ಸೋತರು. ಗೆದ್ದದ್ದು 1972ರಲ್ಲಿ, ಅದೂ ಬಿಲ್ ಶರ್ಮನ್ ಕೋಚ್ ಆಗಿ ಬಂದ ಮೇಲೆ, ಬೇಲರ್ ನಿವೃತ್ತರಾದ ಮೇಲೆ. ಒಂದು ಕಾಲಕ್ಕೆ ಇಡೀ ಋತುವಿನಲ್ಲಿ ಪಂದ್ಯಕ್ಕೆ 50.4 ಅಂಕ ಗಳಿಸಿದ್ದ ಚೇಂಬರ್ಲಿನ್ ಆ ವರ್ಷ 14.8ಕ್ಕೆ ಇಳಿದರು, ರಿಬೌಂಡ್ ಹಿಡಿದು ಓಟಕ್ಕೆ ಚೆಂಡು ಬಿಡುವುದನ್ನೇ ಕೆಲಸ ಮಾಡಿಕೊಂಡರು. ವೆಸ್ಟ್ ಪಂದ್ಯಕ್ಕೆ 9.7 ಅಸಿಸ್ಟ್ ಕೊಟ್ಟು ಆ ಪಟ್ಟಿಯಲ್ಲಿ ಲೀಗ್‌ಗೇ ಮೊದಲಿಗರಾದರು. ಸತತ 33 ಗೆಲುವು, ಒಟ್ಟು 69. ಹೊಂದಿಕೊಳ್ಳಲು ನಾಲ್ಕು ಋತು ಹಿಡಿಯಿತು. ಇಂದಿನ ತಂಡಗಳ ಮಾಲೀಕರು ನಾಲ್ಕು ತಿಂಗಳೂ ಕಾಯುವುದಿಲ್ಲ.

ಗಾರ್ಡ್ ಮ್ಯಾಜಿಕ್ ಜಾನ್ಸನ್ ಮತ್ತು ಸೆಂಟರ್ ಕರೀಂ ಅಬ್ದುಲ್ ಜಬ್ಬಾರ್ ಜೋಡಿಯದು ಇನ್ನೂ ಚೆಂದದ ಕಥೆ. 1979ರಲ್ಲಿ ಮ್ಯಾಜಿಕ್ ಲೇಕರ್ಸ್‌ಗೆ ಬಂದಾಗ ಅವರಿಗೆ 20, ಕರೀಂ ಅವರಿಗೆ 32. ಒಬ್ಬರಿಗೆ ಓಟವೇ ಉಸಿರು, ಇನ್ನೊಬ್ಬರದು ನಿಂತು ಆಡುವ ಆಟ. ಸಿಕ್ಕ ಪರಿಹಾರ ಮನೆಯ ಹಿರಿಯರು ಕಿರಿಯರು ಬಚ್ಚಲಿಗೆ ಸರದಿ ಹಚ್ಚಿದಂತೆ ಸರಳ: ಮೊದಲು ಓಡಿ ನೋಡುವುದು, ದಾರಿ ಸಿಗದಿದ್ದರೆ ಕರೀಂ ನಿಧಾನವಾಗಿ ಬಂದು ತಲುಪುವಷ್ಟರಲ್ಲಿ ಎಲ್ಲರೂ ತಮ್ಮ ಜಾಗಕ್ಕೆ ಬಂದಿರುತ್ತಾರೆ, ಚೆಂಡು ಅವರ ಸ್ಕೈ ಹುಕ್‌ಗೆ, ತಲೆಯ ಮೇಲಿಂದ ಒಂದೇ ಕೈಯಲ್ಲಿ ಎಸೆಯುವ ಆ ಎಸೆತಕ್ಕೆ. ಏಳು ವರ್ಷ ಕಳೆದ ಮೇಲೆ, 1986–87ರಲ್ಲಿ, ತಂಡದ ಮೊದಲ ಆಯ್ಕೆ ಮ್ಯಾಜಿಕ್ ಆದರು, 23.9 ಸರಾಸರಿ, 39ರ ಕರೀಂ 17.5ಕ್ಕೆ ಇಳಿದರು. ಆ ವರ್ಷವೂ ಪ್ರಶಸ್ತಿ ಗೆದ್ದರು.

ಈಗ ಫಾಕ್ಸ್ ಮತ್ತು ವೆಂಬನ್ಯಾಮ. 2025ರ ಫೆಬ್ರುವರಿಯಲ್ಲಿ ಫಾಕ್ಸ್ ಬಂದ ಕೆಲವೇ ಪಂದ್ಯಗಳಲ್ಲಿ ವೆಂಬನ್ಯಾಮ ಅವರ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಆ ಋತು ಅವರಿಗೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಆ ಕೆಲವು ಪಂದ್ಯಗಳಿಂದ ಯಾವ ತೀರ್ಪನ್ನೂ ಕೊಡಬೇಡಿ. ನಾನು ಇವರನ್ನು ಹೊಂದುವ ಜೋಡಿ ಎಂದೇ ಎಣಿಸುತ್ತೇನೆ, ಕಾರಣ ಫಾಕ್ಸ್ ಅವರ ಸ್ಯಾಕ್ರಮೆಂಟೊ ದಿನಗಳು. ಅಲ್ಲಿ ಡೊಮಾಂಟಸ್ ಸಬೋನಿಸ್ ಎಂಬ ಪಾಸ್ ಕೊಡುವ ಸೆಂಟರ್ ಜೊತೆ, ಚೆಂಡು ಕೊಟ್ಟು ಮರಳಿ ಅವರ ಬಳಿಯೇ ಓಡಿಬಂದು ಪಡೆಯುವ ಆಟವನ್ನು ಅವರು ವರ್ಷಗಟ್ಟಲೆ ಆಡಿದ್ದಾರೆ. 2022–23ರಲ್ಲಿ 48 ಪಂದ್ಯ ಗೆದ್ದು, 16 ಋತುಗಳ ಬರ ಮುರಿದು ತಂಡವನ್ನು ಪ್ಲೇಆಫ್‌ಗೆ ಕೊಂಡೊಯ್ದದ್ದು ಅದೇ ಜೋಡಿ. ಅಂದರೆ ಕೊಟ್ಟ ಮೇಲೆ ಓಡಬೇಕು ಎಂಬ ಪಾಠ ಅವರಿಗೆ ಹೊಸದಲ್ಲ.

ವೆಂಬನ್ಯಾಮ ಸಬೋನಿಸ್ ಅಲ್ಲ, ಆ ವ್ಯತ್ಯಾಸ ಎರಡು ಕಡೆಗೂ ಕೊಯ್ಯುತ್ತದೆ. 2024–25ರಲ್ಲಿ ಅವರು ಪಂದ್ಯಕ್ಕೆ ಎಂಟಕ್ಕೂ ಹೆಚ್ಚು ಮೂರಂಕದ ಎಸೆತ ಎಸೆದರು. ಅವರು ಗೆರೆಯಾಚೆ ನಿಂತಾಗ ಎದುರಾಳಿಯ ಸೆಂಟರ್ ಕೂಡ ಹೊರಗೆ ಬರಬೇಕು, ಬಣ್ಣದ ಪಟ್ಟಿ ಬರಿದಾಗುತ್ತದೆ. ಲೀಗ್‌ನ ಅತಿ ವೇಗದ ಗಾರ್ಡ್‌ಗಳಲ್ಲಿ ಒಬ್ಬರಾದ ಫಾಕ್ಸ್‌ಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಆದರೆ ವೆಂಬನ್ಯಾಮ ಒಳಗೆ ಹೋಗಿ ಬೆನ್ನು ಕೊಟ್ಟು ಚೆಂಡು ಕೇಳಿದಾಗ ಕಷ್ಟ ಶುರು. ಫಾಕ್ಸ್ ತಮ್ಮ ವೃತ್ತಿಯಲ್ಲಿ ಮೂರಂಕದ ಎಸೆತಗಳಲ್ಲಿ ಸುಮಾರು ಮೂರರಲ್ಲಿ ಒಂದನ್ನು ಹಾಕಿದವರು. ಅವರ ರಕ್ಷಕ ಅವರನ್ನು ಬಿಟ್ಟು ವೆಂಬನ್ಯಾಮ ಹೆಗಲೇರುವುದು ಖಂಡಿತ. ಅಂಥ ಹೊತ್ತಿನಲ್ಲಿ ಫಾಕ್ಸ್ ನಿಲ್ಲುತ್ತಾರೆಯೇ, ವೇಡ್ ಹಾಗೆ ನುಗ್ಗುತ್ತಾರೆಯೇ ಎಂದು ನೋಡಿ. ಇನ್ನೊಂದು ಅಪಾಯ ಗೋಬೇರ್ ಕಥೆಯದೇ: 2024–25ರಲ್ಲಿ ಪಂದ್ಯಕ್ಕೆ ನಾಲ್ಕರ ಹತ್ತಿರ ಎಸೆತಗಳನ್ನು ಬ್ಲಾಕ್ ಮಾಡಿದವರು (ಗಾಳಿಯಲ್ಲೇ ತಡೆದವರು) ಹಿಂದಿದ್ದಾರೆ ಎಂದು ಮುಂದಿನವರು ಸೋಮಾರಿಗಳಾಗುವುದು. ನಿಮ್ಮ ಗೆಳೆಯರ ಜೊತೆ ಮುಂದಿನ ಪಂದ್ಯ ನೋಡುವಾಗ ಒಂದು ಕಾಲು ಭಾಗದ ಆಟದಲ್ಲಿ ಚೆಂಡನ್ನು ನೋಡುವುದನ್ನೇ ಬಿಟ್ಟು ಫಾಕ್ಸ್ ಅವರನ್ನಷ್ಟೇ ನೋಡಿ. ಕಷ್ಟವಾಗುತ್ತದೆ, ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. ಹಟ ಹಿಡಿದು ನೋಡಿ.

ಉಳಿದದ್ದು ಕೊನೆಯ ಎಸೆತ. ಸಾಮಾನ್ಯವಾಗಿ ಚೆಂಡು ಗಾರ್ಡ್ ಕೈಯಲ್ಲಿಯೇ ಇರಲಿ ಎನ್ನುತ್ತೇನೆ. ಸೆಂಟರ್‌ಗೆ ಚೆಂಡು ತಲುಪಲು ಇನ್ನೊಬ್ಬರು ಬೇಕು, ಆ ಪಾಸ್ ಅನ್ನೇ ತಡೆಯಬಹುದು. ಹಲವು ಸೆಂಟರ್‌ಗಳ ಫ್ರೀ ಥ್ರೋ ಕೂಡ ದುರ್ಬಲ. ಓನೀಲ್ ವೃತ್ತಿಯುದ್ದಕ್ಕೂ ಹಾಕಿದ್ದು ನೂರಕ್ಕೆ 52.7. ಬೇಕೆಂದೇ ಅವರ ಮೇಲೆ ಫೌಲ್ ಮಾಡುವುದು ಎದುರಾಳಿಗಳಿಗೆ ಒಂದು ತಂತ್ರವೇ ಆಗಿತ್ತು. ಯೋಕಿಚ್‌ರಂಥವರು ಇದಕ್ಕೆ ಹೊರತು. ಆದರೆ ಚೆಂಡು ಗಾರ್ಡ್ ಕೈಯಲ್ಲಿರಲಿ ಎಂದರೆ ಎಸೆಯುವವನೂ ಅವನೇ ಆಗಿರಬೇಕು ಎಂದಲ್ಲ.

2000ನೇ ಇಸವಿಯ ಪಶ್ಚಿಮ ವಿಭಾಗದ ಫೈನಲ್, ಏಳನೆಯ ಪಂದ್ಯ. ಪೋರ್ಟ್‌ಲ್ಯಾಂಡ್ ಎದುರು ಕೊನೆಯ ಕಾಲು ಭಾಗದಲ್ಲಿ ಲೇಕರ್ಸ್ 15 ಅಂಕ ಹಿಂದಿತ್ತು. ಅದನ್ನೆಲ್ಲ ತೀರಿಸಿ ಸಣ್ಣ ಮುನ್ನಡೆ ಪಡೆದಿದೆ, ಆಟಕ್ಕೆ ಒಂದು ನಿಮಿಷವೂ ಉಳಿದಿಲ್ಲ. ಚೆಂಡು 21 ವರ್ಷದ ಕೋಬಿ ಕೈಯಲ್ಲಿ, ಎದುರಿಗೆ ಸ್ಕಾಟಿ ಪಿಪ್ಪೆನ್. ಕೋಬಿ ಒಂದು ಕೈಯಿಂದ ಇನ್ನೊಂದು ಕೈಗೆ ಚೆಂಡು ದಾಟಿಸಿ ಪಿಪ್ಪೆನ್ ಅವರನ್ನು ದಾಟುತ್ತಾರೆ, ಪಟ್ಟಿಯೊಳಗೆ ಬರುತ್ತಾರೆ. ಎಲ್ಲರಿಗೂ ಗೊತ್ತು, ಈ ಹುಡುಗ ಎಸೆಯುತ್ತಾನೆ. ಓನೀಲ್ ಅವರನ್ನು ಕಾಯುತ್ತಿದ್ದ ರಕ್ಷಕನೂ ಹಾಗೆಯೇ ಎಣಿಸಿ ಒಂದು ಹೆಜ್ಜೆ ಕೋಬಿಯತ್ತ ಸರಿಯುತ್ತಾನೆ. ಕೋಬಿ ಚೆಂಡನ್ನು ಮೇಲಕ್ಕೆ ತೇಲಿಬಿಡುತ್ತಾರೆ, ಎಸೆತಕ್ಕೆ ತುಸು ಹೆಚ್ಚಾಯಿತೇನೋ ಎನಿಸುವಷ್ಟು ಎತ್ತರಕ್ಕೆ. ಓನೀಲ್ ಅವರ ಒಂದು ಕೈ ಅಲ್ಲಿಗೆ ತಲುಪಿ ಅದನ್ನು ರಿಂಗ್‌ನೊಳಗೆ ಬಡಿಯುತ್ತದೆ. ಆಮೇಲೆ ಆ ಬೃಹತ್ ದೇಹ ಬಾಯಿ ತೆರೆದು, ಎರಡೂ ಕೈಗಳ ಬೆರಳು ಚಾಚಿ ತೋರಿಸುತ್ತ, ಚಿಕ್ಕ ಮಗುವಿನ ಹಾಗೆ ಅಂಗಳದ ಇನ್ನೊಂದು ತುದಿಗೆ ಓಡುತ್ತದೆ.